ಬ್ರೈಲ್‌ಗೆ ಹೋಗುವ ಕನ್ನಡ ಫೈಲ್: ಸ್ಕ್ರೀನ್ ರೀಡರ್‌ಗೆ ಒಗ್ಗುವ ತಂತ್ರಾಂಶ ಆರಿಸುವುದು ಹೇಗೆ, ತಿದ್ದುವುದು ಹೇಗೆ

ಪರದೆಯ ಮೇಲೆ ‘ಅಂದ’ ಮತ್ತು ‘ಅ೦ದ’ ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ. ಟೈಪ್ ಮಾಡಿದವರು ಆಕಾರ ಸರಿಹೊಂದಿತು ಎಂದು ಒತ್ತಿದ್ದಾರೆ, ಅಚ್ಚಾದ ಪುಸ್ತಕಕ್ಕೆ ಅದರಿಂದ ಏನೂ ಆಗಿಲ್ಲ. ಅದೇ ಫೈಲ್ ಬ್ರೈಲ್‌ಗೆ ಹೋದಾಗ ಸೊನ್ನೆಗೆ ಮುಂಚೆ ‘ಮುಂದಿನದು ಅಂಕಿ’ ಎನ್ನುವ ಸಂಖ್ಯಾಸೂಚಕ ಬಂದು ಕೂರುತ್ತದೆ. ಬ್ರೈಲ್‌ನ ಒಂದೊಂದು ಸೆಲ್‌ನಲ್ಲೂ 1ರಿಂದ 6ರವರೆಗೆ ಸಂಖ್ಯೆ ಕೊಟ್ಟ ಆರು ಚುಕ್ಕಿಗಳ ಜಾಗ ಇರುತ್ತದೆ. ಭಾರತೀಯ ಭಾಷೆಗಳ ಬ್ರೈಲ್ ಲಿಪಿಯಾದ ಭಾರತಿ ಬ್ರೈಲ್‌ನಲ್ಲಿ ಸಂಖ್ಯಾಸೂಚಕದ 3-4-5-6 ಚುಕ್ಕಿಗಳೇ ‘ಣ’, ಸೊನ್ನೆಯ 2-4-5 ಚುಕ್ಕಿಗಳೇ ‘ಜ’. ಓದುವವರ ಬೆರಳಿಗೆ ಸಿಗುವುದು ‘ಅಣಜದ’.

ಪಠ್ಯವನ್ನು ಚುಕ್ಕಿಗಳಿಗೆ ತಿರುಗಿಸುವ ಬ್ರೈಲ್ ಅನುವಾದಕ ತಂತ್ರಾಂಶ ನೋಡುವುದು ಎರಡನ್ನೇ: ಫೈಲಿನಲ್ಲಿ ನಿಜಕ್ಕೂ ಯಾವ ಅಕ್ಷರವಿದೆ, ಅದಕ್ಕೆ ಯಾವ ಸ್ಟೈಲ್ (ಶೀರ್ಷಿಕೆ, ಪ್ಯಾರಾ ಎಂಬಂಥ ಗುರುತು) ಹಚ್ಚಿದೆ. ಅಕ್ಷರದ ದಪ್ಪ, ಬಣ್ಣ, ಪುಟದಲ್ಲಿ ಅದು ಕೂತ ಜಾಗ ಇವು ಅದಕ್ಕೆ ಲೆಕ್ಕಕ್ಕಿಲ್ಲ. ಆದ್ದರಿಂದ ತಿದ್ದಲು ತಂತ್ರಾಂಶ ಆರಿಸುವಾಗ ಕೇಳಬೇಕಾದ ಪ್ರಶ್ನೆಯೂ ಒಂದೇ: ಈ ಎರಡು ಸಂಗತಿಗಳನ್ನು ನಿಮ್ಮ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಅದರೊಳಗೆ ಸರಿಯಾಗಿ ಹೇಳುತ್ತದೆಯೇ? ಮೆನುವಿನಲ್ಲಿ ಎಷ್ಟು ಸೌಲಭ್ಯಗಳಿವೆ ಎಂಬುದು ಆಮೇಲಿನ ಮಾತು.

ಕೆಳಗಿನ ಕ್ರಮ ವಿಂಡೋಸ್ ಮತ್ತು ಎನ್‌ವಿಡಿಎ ಬಳಸುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಎನ್‌ವಿಡಿಎ ಉಚಿತ ಸ್ಕ್ರೀನ್ ರೀಡರ್. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡ ಓದುತ್ತದೆ, ಬ್ರೈಲ್‌ಗೆ ಬೇಕಾದ ಕನ್ನಡ ಕೋಷ್ಟಕವೂ (ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂಬ ಪಟ್ಟಿ) ಒಳಗೇ ಇದೆ. ಜಾಸ್ ಎಂಬ ಸ್ಕ್ರೀನ್ ರೀಡರ್ ಬಳಸುವವರಿಗೆ ಕೀಗಳು ಬೇರೆ, ತತ್ವ ಇದೇ.

ಕೈ ಹಚ್ಚುವ ಮೊದಲು

ಪುಸ್ತಕ ಈಗಾಗಲೇ ಸುಗಮ್ಯ ಪುಸ್ತಕಾಲಯದಲ್ಲಿ ಇದೆಯೇ ಎಂದು ಹುಡುಕಿ. 2016ರಲ್ಲಿ ಶುರುವಾದ ಈ ಆನ್‌ಲೈನ್ ಗ್ರಂಥಾಲಯದಲ್ಲಿ ಶುದ್ಧವಾದ ಪಠ್ಯ ಸಿಕ್ಕರೆ ವಾರಗಟ್ಟಲೆ ಕೆಲಸ ಉಳಿಯುತ್ತದೆ. ಹಕ್ಕುಸ್ವಾಮ್ಯದ ಬಗ್ಗೆ ಹೆದರಿ ಕೈಬಿಡಬೇಕಿಲ್ಲ. 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52, ಅಂಗವಿಕಲರ ಸ್ವಂತ ಓದಿಗೆ, ಕಲಿಕೆಗೆ ಅನುಕೂಲವಾದ ರೂಪಕ್ಕೆ ಕೃತಿಯನ್ನು ತಿರುಗಿಸಲು ಅವಕಾಶ ಕೊಡುತ್ತದೆ. ಲಾಭಕ್ಕೆ ಮಾರುವುದು ಅದರೊಳಗೆ ಬರುವುದಿಲ್ಲ.

ಮೂಲ ಫೈಲನ್ನು ಪ್ರಕಾಶಕರಿಂದ ಕೇಳುವುದಾದರೆ ಪಿಡಿಎಫ್ ಬೇಡ ಎಂದು ಮೊದಲೇ ಹೇಳಿ. ಡಿಟಿಪಿ ಮಾಡಿದವರ ಹತ್ತಿರ ಟೈಪ್ ಆದ ಮೂಲ ವರ್ಡ್ ಫೈಲ್ ಸಾಮಾನ್ಯವಾಗಿ ಇರುತ್ತದೆ, ಅದನ್ನೇ ಕೇಳಿ. ಪಿಡಿಎಫ್‌ನಿಂದ ಕಾಪಿ ಮಾಡಿದ ಕನ್ನಡದಲ್ಲಿ ಒತ್ತಕ್ಷರಗಳು ಕಳಚಿ ಬೀಳುತ್ತವೆ. ಅದನ್ನು ತಿದ್ದುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಎಷ್ಟೋ ಸಲ ಬೇಗ ಮುಗಿಯುತ್ತದೆ.

ಸ್ಕ್ರೀನ್ ರೀಡರನ್ನು ಕೆಲಸಕ್ಕೆ ಸಿದ್ಧ ಮಾಡಿ

ಮಾಮೂಲಿ ಓದಿಗೆ ಹಿತವಾದ ಸೆಟ್ಟಿಂಗ್ ತಿದ್ದುವ ಕೆಲಸಕ್ಕೆ ಸಾಲುವುದಿಲ್ಲ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ತೆರೆಯುತ್ತದೆ. ಅಲ್ಲಿ ಸ್ಟೈಲ್, ಹೆಡಿಂಗ್, ಫಾಂಟ್ ಹೆಸರು, ಸಾಲಿನ ಇಂಡೆಂಟ್, ಟೇಬಲ್, ಪಟ್ಟಿ ಇವನ್ನು ಆನ್ ಮಾಡಿ. ಬಣ್ಣ, ಫಾಂಟ್ ಗಾತ್ರ ಆಫ್ ಇರಲಿ, ಸುಮ್ಮನೆ ಗದ್ದಲ. ಎನ್‌ವಿಡಿಎ ಕೀ ಜೊತೆ ಪಿ ಒತ್ತುತ್ತಾ ಹೋಗಿ ಚಿಹ್ನೆಗಳ ಮಟ್ಟವನ್ನು ‘ಎಲ್ಲ’ ಎಂಬಲ್ಲಿಗೆ ತನ್ನಿ. ಈ ಸೆಟ್ಟಿಂಗ್‌ಗಳನ್ನು ಬೇರೆಯೇ ಒಂದು ಪ್ರೊಫೈಲಿನಲ್ಲಿ ಉಳಿಸಿಕೊಂಡರೆ ಕಾದಂಬರಿ ಓದುವಾಗ ಅಲ್ಪವಿರಾಮದ ಕಾಟ ಇರುವುದಿಲ್ಲ.

ಇನ್ನು ಒಂದು ಕೀಯನ್ನು ಬೆರಳಿಗೆ ರೂಢಿ ಮಾಡಿಕೊಳ್ಳಿ. ನಂಬರ್ ಪ್ಯಾಡಿನ 2 ಈಗಿರುವ ಅಕ್ಷರವನ್ನು ಓದುತ್ತದೆ, ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಅದು ಎನ್‌ವಿಡಿಎ ಕೀ ಜೊತೆ ಫುಲ್‌ಸ್ಟಾಪ್. ಬೇಗಬೇಗ ಮೂರು ಸಲ ಒತ್ತಿದರೆ ಅಕ್ಷರದ ಯೂನಿಕೋಡ್ ಸಂಖ್ಯೆ ಕೇಳಿಸುತ್ತದೆ. 3202 ಎಂದರೆ ಅನುಸ್ವಾರ, 3302 ಎಂದರೆ ಸೊನ್ನೆ ಅಂಕಿ. ಅನುಮಾನ ಬಂದ ಕಡೆಯೆಲ್ಲ ಕೊನೆಯ ತೀರ್ಪು ಈ ಸಂಖ್ಯೆಯದೇ.

ಹತ್ತು ನಿಮಿಷದ ಪರೀಕ್ಷೆ

ಯಾವ ತಂತ್ರಾಂಶವನ್ನಾದರೂ ಹೊಗಳಿಕೆ ಕೇಳಿ ಒಪ್ಪಬೇಡಿ. ಒಂದು ಪುಟದ ಪರೀಕ್ಷಾ ಫೈಲ್ ಮಾಡಿಟ್ಟುಕೊಳ್ಳಿ, ಜೀವಮಾನವಿಡೀ ಬಳಕೆಗೆ ಬರುತ್ತದೆ. ಅದರಲ್ಲಿ ಇಷ್ಟು ಇರಲಿ:

1. ಹೆಡಿಂಗ್ 1 ಸ್ಟೈಲಿನ ಒಂದು ಶೀರ್ಷಿಕೆ. ಅದರ ಕೆಳಗೆ ಸುಮ್ಮನೆ ದಪ್ಪ ಮಾಡಿದ, ಸ್ಟೈಲ್ ಇಲ್ಲದ ಇನ್ನೊಂದು ಶೀರ್ಷಿಕೆ.
2. ‘ಕನ್ನಡ’, ‘ಕರ್ನಾಟಕ’, ‘ಸೂರ್ಯ’, ‘ಧರ್ಮ’ ಎಂಬ ನಾಲ್ಕು ಪದ.
3. ‘ಅಂದ’, ‘ಅ೦ದ’.
4. ‘ಸಾಫ್ಟ್‌ವೇರ್’, ‘ರ‍್ಯಾಂಕ್’. ಇವೆರಡರಲ್ಲೂ ಕಣ್ಣಿಗೆ ಕಾಣದ ಜೋಡಕಗಳಿವೆ (ಅಕ್ಷರಗಳು ಹೇಗೆ ಕೂಡಬೇಕು ಎಂದು ಹೇಳುವ ಗುರುತುಗಳು).
5. ತಂತ್ರಾಂಶವೇ ಸಂಖ್ಯೆ ಹಾಕಿದ ಮೂರು ಅಂಶಗಳ ಪಟ್ಟಿ, ಎರಡು ಸಾಲು ಮೂರು ಕಾಲಮಿನ ಟೇಬಲ್, ಒಂದು ಅಡಿಟಿಪ್ಪಣಿ.
6. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಲಿಪಿಯಲ್ಲೇ ಬರೆದ ‘ಬಸ್’.

ಈಗ ಮಾನಿಟರ್ ಆಫ್ ಮಾಡಿ, ಅಥವಾ ಎನ್‌ವಿಡಿಎಯ ಪರದೆ ಮುಚ್ಚುವ ಸೌಲಭ್ಯ ಆನ್ ಮಾಡಿ. ಜೊತೆಗೆ ಕೂತ ದೃಷ್ಟಿಯುಳ್ಳವರೂ ಕಿವಿಯಿಂದಲೇ ನಡೆಯಬೇಕು. ಎರಡು ಶೀರ್ಷಿಕೆಗಳ ನಡುವಿನ ವ್ಯತ್ಯಾಸ ಕೇಳಿಸಿತೇ? ‘ಅಂದ’ ದಾಟಲು ಬಲಬಾಣದ ಕೀ ಎರಡು ಸಲ ಸಾಕು, ‘ಅ೦ದ’ಕ್ಕೆ ಮೂರು ಸಲ ಬೇಕು, ನಿಮ್ಮ ತಂತ್ರಾಂಶದಲ್ಲಿ ಹಾಗೆ ಆಯಿತೇ? ‘ಧರ್ಮ’ದ ಒತ್ತಕ್ಷರದ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿದಾಗ ಅಳಿದದ್ದೇನು ಎಂದು ಅದು ಹೇಳಿತೇ, ಸುಮ್ಮನಾಯಿತೇ? ಟೇಬಲಿನೊಳಗೆ ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀ ಹಿಡಿದು ಚಲಿಸಿದರೆ ಸಾಲು, ಕಾಲಮಿನ ಸಂಖ್ಯೆ ಬಂತೇ? ಅಡಿಟಿಪ್ಪಣಿಗೆ ಹೋಗಿ ವಾಪಸ್ ಅದೇ ಜಾಗಕ್ಕೆ ಬರಲಾಯಿತೇ? ಕೊನೆಗೆ ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ಹೆಡಿಂಗ್ ಉಳಿದಿದೆಯೇ ನೋಡಿ.

ಒಂದು ಪುಟದಲ್ಲಿ ಪಾಸಾದದ್ದು 300 ಪುಟದಲ್ಲಿ ತೆವಳಬಹುದು. ಅದೇ ಪುಟವನ್ನು ನೂರಾರು ಸಲ ಅಂಟಿಸಿ ದೊಡ್ಡ ಫೈಲ್ ಮಾಡಿ, ನಡುವೆ ಎಲ್ಲಾದರೂ ಬಾಣದ ಕೀ ಒತ್ತಿ. ಧ್ವನಿ ಬರಲು ಅರ್ಧ ಸೆಕೆಂಡ್ ಕಾಯಬೇಕಾದರೂ ದಿನದ ಕೆಲಸಕ್ಕೆ ಅದು ಆಗದು. ಫೈಲನ್ನು ಅಧ್ಯಾಯವಾರು ಒಡೆಯಬೇಕು, ಇಲ್ಲವೇ ತಂತ್ರಾಂಶ ಬದಲಿಸಬೇಕು.

ಹಾಗಾದರೆ ಯಾವುದು?

ಸ್ಕ್ರೀನ್ ರೀಡರ್ ಜೊತೆ ಸದ್ಯಕ್ಕೆ ಹೆಚ್ಚು ನೆಮ್ಮದಿ ಮೈಕ್ರೋಸಾಫ್ಟ್ ವರ್ಡ್‌ನಲ್ಲೇ. ಸ್ಟೈಲ್, ಟೇಬಲ್, ಅಡಿಟಿಪ್ಪಣಿ ಎಲ್ಲವನ್ನೂ ಎನ್‌ವಿಡಿಎ ಹೇಳುತ್ತದೆ, ಬ್ರೈಲ್ ಅನುವಾದಕಗಳೂ ವರ್ಡ್ ಫೈಲನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಹಣ ಕೊಡಬೇಕು ಎಂಬುದೊಂದೇ ತಕರಾರು. ಉಚಿತವಾಗಿ ಬೇಕೆಂದರೆ ಲಿಬ್ರೆಆಫೀಸ್ ರೈಟರ್ ಇದೆ. ಕಂಟ್ರೋಲ್ ಜೊತೆ 1, 2, 3 ಒತ್ತಿದರೆ ಹೆಡಿಂಗ್‌ಗಳು. ಉದ್ದದ ಫೈಲುಗಳಲ್ಲಿ ವರ್ಡ್‌ನಷ್ಟು ಚುರುಕಿಲ್ಲ, ಅಧ್ಯಾಯಕ್ಕೊಂದು ಫೈಲ್ ಇಟ್ಟುಕೊಂಡರೆ ಕೆಲಸ ನಡೆಯುತ್ತದೆ. ಲಿನಕ್ಸ್‌ನಲ್ಲಿ ಓರ್ಕಾ ಸ್ಕ್ರೀನ್ ರೀಡರ್ ಜೊತೆಗೂ ಇದೇ ಗತಿ.

ಕಥೆ, ಕವಿತೆ, ಪ್ರಬಂಧದಂಥ ಸರಳ ಪಠ್ಯಕ್ಕೆ ನೋಟ್‌ಪ್ಯಾಡ್ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಾಕು. ಬಚ್ಚಿಟ್ಟ ಫಾರ್ಮ್ಯಾಟಿಂಗ್ ಇಲ್ಲದಿರುವುದೇ ಇವುಗಳ ದೊಡ್ಡ ಗುಣ. ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಎಎನ್‌ಎಸ್‌ಐ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಫೈಲ್ ಮುಚ್ಚಿದ ಮೇಲೆ ವಾಪಸ್ ಬರುವುದಿಲ್ಲ. ಹಲವು ಸ್ವಯಂಸೇವಕರು ಒಂದೇ ಪುಸ್ತಕ ಟೈಪ್ ಮಾಡುವಾಗ ಗೂಗಲ್ ಡಾಕ್ಸ್ ಅನುಕೂಲ. ಸ್ಕ್ರೀನ್ ರೀಡರ್ ಬೆಂಬಲವನ್ನು ಕಂಟ್ರೋಲ್, ಆಲ್ಟ್, ಝಡ್ ಒತ್ತಿ ಆನ್ ಮಾಡಬೇಕು. ಆದರೆ ಕೊನೆಯ ತಿದ್ದುಪಡಿಯನ್ನು ಫೈಲ್ ಇಳಿಸಿಕೊಂಡು ವರ್ಡ್‌ನಲ್ಲೇ ಮಾಡಿ. ಪೇಜ್‌ಮೇಕರ್, ಕೋರಲ್‌ಡ್ರಾ ಇತ್ಯಾದಿ ಡಿಟಿಪಿ ತಂತ್ರಾಂಶಗಳ ಕಡೆ ತಲೆ ಹಾಕಬೇಕಿಲ್ಲ.

ನುಡಿ, ಬರಹ ಕಾಲದ ಫೈಲುಗಳು

ಕನ್ನಡದಲ್ಲಿ ಬ್ರೈಲ್ ಕೆಲಸದ ಅರ್ಧ ಗೋಳು ಇಲ್ಲಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನೊಳಗೆ ಇರುವುದು ಕನ್ನಡವಲ್ಲ. ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು. ಫಾಂಟ್ ಅವಕ್ಕೆ ಕನ್ನಡದ ಮುಖವಾಡ ತೊಡಿಸುತ್ತದೆ. ಪತ್ತೆ ಹಚ್ಚುವುದು ಸುಲಭ: ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಸದ್ದು ಮಾಡುತ್ತದೆ, ಎನ್‌ವಿಡಿಎ ಕೀ ಜೊತೆ ಎಫ್ ಒತ್ತಿದರೆ ಫಾಂಟಿನ ಹೆಸರು ನುಡಿ ಅಥವಾ ಬಿಆರ್‌ಎಚ್ ಎಂದು ಬರುತ್ತದೆ. ಕೆಲವರು ಇಡೀ ಫೈಲ್ ಸೆಲೆಕ್ಟ್ ಮಾಡಿ ಫಾಂಟನ್ನು ತುಂಗಾ ಎಂದು ಬದಲಿಸಿ ‘ಯೂನಿಕೋಡ್ ಮಾಡಿದ್ದೇವೆ’ ಎನ್ನುತ್ತಾರೆ. ಮುಖವಾಡ ಕಳಚಿತು ಅಷ್ಟೇ, ಒಳಗಿನದು ಬದಲಾಗಿಲ್ಲ. ಪರಿವರ್ತಕದಲ್ಲಿ ಹಾಯಿಸಲೇಬೇಕು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕಗಳು ಬರುತ್ತವೆ.

ಪರಿವರ್ತನೆ ಆದ ಮೇಲೂ ಮೂರು ಕಡೆ ಹುಳುಕು ಉಳಿಯುತ್ತದೆ. ಮೊದಲನೆಯದು ಅರ್ಕಾವೊತ್ತು. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಒತ್ತುತ್ತಿದ್ದರಿಂದ, ಒಳ್ಳೆಯದಲ್ಲದ ಪರಿವರ್ತಕ ‘ಧರ್ಮ’ವನ್ನು ‘ಧಮರ್’ ಎಂದೂ ‘ಸೂರ್ಯ’ನನ್ನು ‘ಸೂಯರ್’ ಎಂದೂ ಮಾಡಿಡುತ್ತದೆ. ‘ರ್’ ಮತ್ತು ಒಂದು ಸ್ಪೇಸ್ ಕೊಟ್ಟು ಹುಡುಕಿ, ಒಂದೊಂದಾಗಿ ನೋಡುತ್ತಾ ಹೋಗಿ. ‘ಡಾಕ್ಟರ್’, ‘ಸರ್’ ಕೂಡ ಬಲೆಗೆ ಬೀಳುವುದರಿಂದ ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವಂತಿಲ್ಲ. ಪದದ ನಡುವೆ ಆದ ತಪ್ಪು, ಉದಾಹರಣೆಗೆ ‘ಕಾಯರ್ಕ್ರಮ’, ಈ ಹುಡುಕಾಟಕ್ಕೆ ಸಿಗದು. ‘ಯರ್’, ‘ಮರ್’, ‘ವರ್’ ಎಂದು ಬೇರೆ ಹುಡುಕಬೇಕು.

ಎರಡನೆಯದು, ಫೈಲಿನಲ್ಲಿ ಮೊದಲಿಂದಲೇ ಇಂಗ್ಲಿಷ್‌ನಲ್ಲಿದ್ದ ಪದಗಳು. ಫಾಂಟ್ ಗಮನಿಸದ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕಲಸುಮೇಲೋಗರ ಮಾಡುತ್ತದೆ. ಮೂಲ ಫೈಲ್ ಪಕ್ಕದಲ್ಲಿಟ್ಟುಕೊಂಡು ಕೈಯಾರೆ ಸರಿಪಡಿಸುವುದೊಂದೇ ದಾರಿ. ಮೂರನೆಯದು ಅಂಕಿಗಳ ವೇಷ, ಶುರುವಿನಲ್ಲಿ ಹೇಳಿದ್ದು.

ಶುಚಿ ಮಾಡುವ ಕ್ರಮ

ವರ್ಡ್‌ನ ರಿಪ್ಲೇಸ್ ಪೆಟ್ಟಿಗೆ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ತೆರೆಯುತ್ತದೆ. ಹುಡುಕುವ ಜಾಗದಲ್ಲಿ ಕ್ಯಾರೆಟ್ ಗುರುತು (^), ಚಿಕ್ಕ ಇಂಗ್ಲಿಷ್ ಯು, ಅದಕ್ಕೆ ಅಂಟಿಕೊಂಡಂತೆ ಯೂನಿಕೋಡ್ ಸಂಖ್ಯೆ ಕೊಟ್ಟರೆ ಆ ಅಕ್ಷರ ಸಿಗುತ್ತದೆ. ಹೀಗೆ 3302 ಕೊಟ್ಟು ಸೊನ್ನೆ ಅಂಕಿಯನ್ನು ಹುಡುಕಿ, ಬದಲಿಗೆ ಅನುಸ್ವಾರ ಹಾಕಿ. ಪುಸ್ತಕದಲ್ಲಿ ಸಂಖ್ಯೆಗಳೆಲ್ಲ 1, 2, 3 ಎಂದೇ ಇದ್ದರೆ ಒಟ್ಟಿಗೆ ಬದಲಿಸಬಹುದು. ಕನ್ನಡ ಅಂಕಿಗಳೇ ಇದ್ದರೆ ಒಂದೊಂದಾಗಿ ಮಾಡಿ, ಇಲ್ಲದಿದ್ದರೆ ‘೧೦’ ಹೋಗಿ ‘೧ಂ’ ಆಗುತ್ತದೆ. ಆಮೇಲೆ 3311, ಅಂದರೆ ಕನ್ನಡದ ಒಂಬತ್ತು; ಅರ್ಕಾವೊತ್ತಿನ ಜಾಗದಲ್ಲಿ ಅದು ಕೂತಿರುತ್ತದೆ.

8204 ಮತ್ತು 8205 ಕಾಣದ ಜೋಡಕಗಳು. ಅನುವಾದಕದ ಕೋಷ್ಟಕದಲ್ಲಿ ಇವಕ್ಕೆ ಜಾಗ ಇಲ್ಲದಿದ್ದರೆ ಪದದ ನಡುವೆ ಕಸದಂತೆ ಸಂಖ್ಯೆ ಅಚ್ಚಾಗುತ್ತದೆ. ಬ್ರೈಲ್ ಪ್ರತಿಯಲ್ಲಿ ಇವೆರಡನ್ನೂ ಅಳಿಸಿಬಿಡಿ, ನಷ್ಟವಿಲ್ಲ. ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರವೆಂದರೆ ವ್ಯಂಜನಕ್ಕೆ ಮುಂಚೆ ಬರುವ 4ನೇ ಚುಕ್ಕಿ, ‘ಸಾಫ್ಟ್‌ವೇರ್’ ಹೇಗೆ ಬರೆದರೂ ಚುಕ್ಕಿಗಳು ಅವೇ. ಆದರೆ ಅಚ್ಚಿಗೆ ಹೋಗುವ ಪ್ರತಿಯಲ್ಲಿ ಮುಟ್ಟಬೇಡಿ, ಅಲ್ಲಿ ಪದದ ರೂಪವೇ ಕೆಡುತ್ತದೆ.

ಕೆಲವು ಫೈಲುಗಳಲ್ಲಿ ಸಾಲು ಸಾಲಿಗೂ ಎಂಟರ್ ಒತ್ತಿರುತ್ತದೆ, ಓಸಿಆರ್‌ನಿಂದ (ಸ್ಕ್ಯಾನ್ ಮಾಡಿದ ಪುಟದ ಅಕ್ಷರ ಗುರುತಿಸುವ ತಂತ್ರಾಂಶ) ಬಂದವು ಸಾಮಾನ್ಯವಾಗಿ ಹೀಗೇ. ಪ್ಯಾರಾಗಳ ನಡುವೆ ಖಾಲಿ ಸಾಲು ಇದ್ದರೆ ಉಪಾಯವಿದೆ: ಒಟ್ಟಿಗೆ ಬಂದ ಎರಡು ಎಂಟರ್‌ಗಳನ್ನು ಮೊದಲು ‘ಪ್ಯಾರಾಗುರುತು’ ಎಂಬಂಥ, ಪುಸ್ತಕದಲ್ಲಿ ಬರದ ಪದಕ್ಕೆ ಬದಲಿಸಿ, ಉಳಿದ ಎಂಟರ್‌ಗಳನ್ನು ಸ್ಪೇಸ್‌ಗೆ, ಕೊನೆಗೆ ಆ ಪದವನ್ನು ಒಂದು ಎಂಟರ್‌ಗೆ. ಕವಿತೆಗಳಿದ್ದರೆ ಮೊದಲೇ ಬೇರೆ ಫೈಲಿಗೆ ಎತ್ತಿಡಿ.

ಆಮೇಲೆ ಸ್ಟೈಲ್. ಆಲ್ಟ್, ಕಂಟ್ರೋಲ್ ಜೊತೆ 1, 2, 3 ಹೆಡಿಂಗ್‌ಗಳಿಗೆ. ಕಂಟ್ರೋಲ್, ಶಿಫ್ಟ್, ಎನ್ ಸಾಮಾನ್ಯ ಪ್ಯಾರಾಕ್ಕೆ. ಸ್ಪೇಸ್ ಒತ್ತಿ ನಡುವೆ ಕೂರಿಸಿದ ಶೀರ್ಷಿಕೆ, ಟ್ಯಾಬ್ ಒತ್ತಿ ಮಾಡಿದ ಇಂಡೆಂಟ್ ಎರಡನ್ನೂ ತೆಗೆಯಿರಿ. ಜಾಗ ಬಿಡುವುದು ಅನುವಾದಕದ ಕೆಲಸ. ಟೆಕ್ಸ್ಟ್ ಬಾಕ್ಸಿನಲ್ಲಿರುವ ಬರಹವನ್ನು ಕತ್ತರಿಸಿ ಪಠ್ಯದೊಳಗೆ ಅಂಟಿಸಿ, ಇಲ್ಲದಿದ್ದರೆ ಬ್ರೈಲ್‌ನಲ್ಲಿ ಅದು ಬರದೇ ಹೋಗಬಹುದು, ಬಂದರೂ ತಪ್ಪು ಜಾಗಕ್ಕೆ. ಚಿತ್ರದ ಜಾಗದಲ್ಲಿ ಎರಡು ಸಾಲಿನ ವಿವರಣೆ ಬರೆಯಿರಿ. ಬ್ರೈಲ್ ಪುಟದ ಅಗಲಕ್ಕೆ ಹಿಡಿಸದ ಟೇಬಲನ್ನು ‘ಜಿಲ್ಲೆ: ಮಂಡ್ಯ, ಬೆಳೆ: ಕಬ್ಬು’ ಎಂಬಂತೆ ಸಾಲುಗಳಾಗಿ ಬಿಡಿಸಿ.

ಇಂಗ್ಲಿಷ್ ಲಿಪಿಯ ಪದಗಳ ಬಗ್ಗೆ ಒಂದು ಮಾತು. ಕನ್ನಡ ಕೋಷ್ಟಕದಲ್ಲಿ ಅವು ಯಾವ ಸೂಚನೆಯೂ ಇಲ್ಲದೆ ಹಾದುಬಂದರೆ, ‘ಬಸ್’ ಎಂಬುದರ ಇಂಗ್ಲಿಷ್ ಬಿ, ಯು, ಎಸ್ ಚುಕ್ಕಿಗಳನ್ನು ಬೆರಳು ‘ಬುಸ’ ಎಂದು ಓದುತ್ತದೆ. ರೂಢಿಯ ಪದಗಳನ್ನು ಕನ್ನಡ ಲಿಪಿಗೆ ತನ್ನಿ. ಇಂಗ್ಲಿಷ್‌ನಲ್ಲೇ ಇರಬೇಕಾದ ಉದ್ಧರಣೆಗಳಿಗೆ ಅನುವಾದಕದಲ್ಲಿ ಭಾಷೆಯ ಗುರುತು ಹಾಕಿ.

ಅನುವಾದಕ

ಡಕ್ಸ್‌ಬರಿ ಹಳೆಯ ಹುಲಿ. ದುಬಾರಿ, ಆದರೆ ಕನ್ನಡವೂ ಸೇರಿ ಬಹಳ ಭಾಷೆಗಳು ಅದರಲ್ಲಿವೆ, ವರ್ಡ್‌ನ ಹೆಡಿಂಗ್‌ಗಳನ್ನು ಹಾಗೇ ಹಿಡಿಯುತ್ತದೆ. ಕಂಟ್ರೋಲ್ ಜೊತೆ ಟಿ ಒತ್ತಿದರೆ ಅನುವಾದ. ಆಲ್ಟ್ ಜೊತೆ ಎಫ್3 ಒತ್ತಿದರೆ ಒಳಗಿನ ಸಂಕೇತಗಳು ಪಠ್ಯದ ನಡುವೆಯೇ ತೆರೆದುಕೊಳ್ಳುತ್ತವೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಇದು ದೊಡ್ಡ ಅನುಕೂಲ, ಯಾವ ಸ್ಟೈಲ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬುದನ್ನು ಬಾಣದ ಕೀಯಿಂದಲೇ ಓದಬಹುದು. ಉಚಿತವಾಗಿ ಸಿಗುವವುಗಳಲ್ಲಿ ವಿಯೆಟ್ನಾಮಿನ ಸಾವೊ ಮಾಯ್ ಅಂಧರ ಕೇಂದ್ರದ ಸಾವೊ ಮಾಯ್ ಬ್ರೈಲ್ ಕೀಬೋರ್ಡ್‌ನಿಂದ ಚೆನ್ನಾಗಿ ನಡೆಯುತ್ತದೆ. ಅದರ ಬೆನ್ನೆಲುಬು ಲಿಬ್‌ಲೂಯಿಸ್ ಎಂಬ ಬ್ರೈಲ್ ಅನುವಾದ ತಂತ್ರಾಂಶ, ಎನ್‌ವಿಡಿಎ ಒಳಗೆ ಇರುವುದೂ ಅದೇ. ಅಮೆರಿಕನ್ ಪ್ರಿಂಟಿಂಗ್ ಹೌಸ್ ಫಾರ್ ದಿ ಬ್ಲೈಂಡ್ ಉಚಿತವಾಗಿ ಕೊಡುವ ಬ್ರೈಲ್‌ಬ್ಲಾಸ್ಟರ್ ಅಮೆರಿಕದ ಪಠ್ಯಪುಸ್ತಕಗಳ ನಿಯಮಗಳ ಸುತ್ತ ಕಟ್ಟಿದ್ದು, ಇಂಗ್ಲಿಷ್ ಪುಸ್ತಕ ಮಾಡುವವರು ಅದನ್ನು ಮೊದಲು ನೋಡಲಿ.

ಪುಟದ ಅಳತೆಯನ್ನು ಅನುವಾದಕ್ಕೆ ಮುಂಚೆಯೇ ಎಂಬಾಸರ್ (ಬ್ರೈಲ್ ಒತ್ತುವ ಮುದ್ರಕ) ಇರುವವರಿಂದ ಕೇಳಿ ತಿಳಿಯಿರಿ. 11 × 11.5 ಅಂಗುಲದ ಕಾಗದಕ್ಕೆ ಸಾಲಿಗೆ 40 ಸೆಲ್, ಪುಟಕ್ಕೆ 25 ಸಾಲು ರೂಢಿ. ಎ4 ಹಾಳೆಯಲ್ಲಿ 30ರಿಂದ 32 ಸೆಲ್, 27 ಸಾಲಿನ ಆಸುಪಾಸು ಹಿಡಿಯುತ್ತದೆ. ಪ್ಯಾರಾದ ಮೊದಲ ಸಾಲು 3ನೇ ಸೆಲ್‌ನಿಂದ, ಉಳಿದವು 1ನೇ ಸೆಲ್‌ನಿಂದ.

ಬಿಆರ್‌ಎಫ್ ಪರಿಶೀಲನೆ

ಅನುವಾದಕದಿಂದ ಹೊರಬರುವ, ಎಂಬಾಸರಿಗೆ ಕಳಿಸುವ ಬ್ರೈಲ್ ಫೈಲೇ ಬಿಆರ್‌ಎಫ್, ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪ್ರತಿ ಬ್ರೈಲ್ ಸೆಲ್‌ಗೂ ಅಲ್ಲಿ ಒಂದು ಕೀಬೋರ್ಡ್ ಅಕ್ಷರ ಇರುತ್ತದೆ. ‘ಕನ್ನಡ’ ಸರಿಯಾಗಿ ಬಂದಿದ್ದರೆ ಅಕ್ಷರ ಅಕ್ಷರವಾಗಿ ಓದಿದಾಗ ಕೇಳಿಸಬೇಕಾದದ್ದು: ಕೆ, ಅಟ್, ಎನ್, ಎನ್, ಡಾಲರ್. ಅಟ್ ಚಿಹ್ನೆಯೇ 4ನೇ ಚುಕ್ಕಿ, ಡಾಲರ್ ಎಂದರೆ ‘ಡ’ದ 1-2-4-6. ‘ಕರ್ನಾಟಕ’ವಾದರೆ ಕೆ, ಅಟ್, ಆರ್, ಎನ್, ಗ್ರೇಟರ್ ದ್ಯಾನ್, ಮುಚ್ಚುವ ಆವರಣ, ಕೆ. ಅಟ್ ಚಿಹ್ನೆ ಕಾಣದಿದ್ದರೆ, ಅಥವಾ ವ್ಯಂಜನದ ನಂತರ ಬಂದಿದ್ದರೆ ಕೋಷ್ಟಕ ತಪ್ಪು ಆರಿಸಿದ್ದೀರಿ.

ಬ್ರೈಲ್ ಡಿಸ್‌ಪ್ಲೇ (ಪರದೆಯ ಪಠ್ಯವನ್ನು ಚುಕ್ಕಿಗಳಾಗಿ ಎಬ್ಬಿಸುವ ಉಪಕರಣ) ಇರುವವರು ಇಲ್ಲೊಂದು ಗುಂಡಿಗೆ ಬೀಳುತ್ತಾರೆ. ಎನ್‌ವಿಡಿಎಯ ಔಟ್‌ಪುಟ್ ಕೋಷ್ಟಕ ಕನ್ನಡದಲ್ಲೇ ಇದ್ದರೆ ಬಿಆರ್‌ಎಫ್‌ನ ಚಿಹ್ನೆಗಳು ಮತ್ತೊಮ್ಮೆ ಅನುವಾದಗೊಂಡು ಗೊಂದಲವಾಗುತ್ತದೆ. ಈ ಹೊತ್ತಿಗೆ ಮಾತ್ರ ಅಮೆರಿಕನ್ ಇಂಗ್ಲಿಷ್ 6 ಚುಕ್ಕಿ ಕಂಪ್ಯೂಟರ್ ಬ್ರೈಲ್ ಆರಿಸಿಕೊಳ್ಳಿ. ಆರ್ಬಿಟ್ ರೀಡರ್‌ನಂಥ ಉಪಕರಣವಿದ್ದರೆ ಫೈಲನ್ನು ಮೆಮೊರಿ ಕಾರ್ಡಿಗೆ ಹಾಕಿ ನೇರವಾಗಿ ಓದಿ. ಬೆರಳಿನ ಓದು ಬೇಕೇ ಬೇಕು: ‘ಲ’ ‘ಳ’, ‘ಶ’ ‘ಷ’ ಅದಲುಬದಲಾದದ್ದನ್ನು ವೇಗದ ಧ್ವನಿಯಲ್ಲಿ ಕಿವಿ ಹಿಡಿಯುವುದಿಲ್ಲ.

ಇಡೀ ಪುಸ್ತಕ ಒತ್ತುವ ಮೊದಲು ನಾಲ್ಕು ಪುಟ ತೆಗೆಸಿ. ಉದ್ದದ ಒಂದು ಸಾಲು, ಕೆಳಗೆ ಎಂಟು ಸೆಲ್‌ನ ತುಂಡು ಸಾಲು, ಮತ್ತೆ ಉದ್ದದ್ದು ಹೀಗೇ ಬಂದರೆ ಫೈಲ್ 40 ಸೆಲ್‌ಗೆ, ಎಂಬಾಸರ್ 32ಕ್ಕೆ ಹೊಂದಿಕೊಂಡಿದೆ. ಒಂದು ತುಂಬಿದ ಪುಟ, ಮುಂದಿನದರಲ್ಲಿ ಎರಡೇ ಸಾಲು ಎಂದಾದರೆ ಪುಟದ ಸಾಲುಗಳ ಲೆಕ್ಕ ತಪ್ಪಿದೆ. ಅಕ್ಷರವೇ ಗುರುತು ಸಿಗದಿದ್ದರೆ ಎರಡು ಸಲ ಅನುವಾದವಾಗಿರಬಹುದು: ಎಂಬಾಸರಿನ ಸ್ವಂತ ಅನುವಾದ ಆಫ್ ಮಾಡಿಸಿ, ಬಿಆರ್‌ಎಫ್ ಫೈಲನ್ನು ಬದಲಾವಣೆಯಿಲ್ಲದೆ ನೇರವಾಗಿ ಕಳಿಸಿ.

ತಪ್ಪು ಸಿಕ್ಕರೆ ಬಿಆರ್‌ಎಫ್‌ನಲ್ಲಿ ತಿದ್ದಬೇಡಿ. ಒಂದು ಸೆಲ್ ಹೆಚ್ಚಾದರೂ ಆ ಸಾಲು ಅಂಚು ಮೀರುತ್ತದೆ, ಮುಂದಿನ ಮುದ್ರಣಕ್ಕೆ ಅದೇ ತಪ್ಪು ವಾಪಸ್ ಬರುತ್ತದೆ. ವರ್ಡ್ ಫೈಲಿಗೆ ಹಿಂತಿರುಗಿ, ಸರಿಮಾಡಿ, ಮತ್ತೆ ಅನುವಾದಿಸಿ. ಬಿಆರ್‌ಎಫ್‌ನ ಹೆಸರಿನಲ್ಲೇ ಸೆಲ್, ಸಾಲಿನ ಸಂಖ್ಯೆ ಮತ್ತು ದಿನಾಂಕ ಸೇರಿಸಿಡಿ, ‘ಅಧ್ಯಾಯ3-32-27-ದಿನಾಂಕ’ ಎಂಬ ಹಾಗೆ. ಬೇರೆ ಊರಿನ ಎಂಬಾಸರಿಗೆ ಕಳಿಸುವಾಗ ಅಲ್ಲಿಯವರು ಮೊದಲು ಕೇಳುವುದು ಅದನ್ನೇ.